ಎಂಟನೇ ತಾರೀಕು ಕೈಕೊಟ್ಟ ಬ್ಯಾಚ್ ಫೈಲು

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಹಾಲು ಸಂಘದ ಕಂಪ್ಯೂಟರ್ ಕೆಟ್ಟುಹೋಯಿತು. ಹಾರ್ಡ್‌ಡಿಸ್ಕ್ ಕಿರ್ ಕಿರ್ ಅಂತು, ಆಮೇಲೆ ಏನೂ ಅನ್ನಲಿಲ್ಲ. ಬಟವಾಡೆಗೆ ಇನ್ನು ಮೂರು ದಿನ ಇತ್ತು. ಯಾರಿಗೂ ಗಾಬರಿಯಾಗಲಿಲ್ಲ, ಯಾಕೆಂದರೆ ಬ್ಯಾಕಪ್ ಇತ್ತು. ದಿನಾ ಬೆಳಿಗ್ಗೆ ಹಿಂದಿನ ದಿನದ ಹಾಲಿನ ಲೆಕ್ಕದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕುವ ಒಂದು ಪುಟ್ಟ ಬ್ಯಾಚ್ ಫೈಲನ್ನು ನಾವೇ ಬರೆದುಕೊಟ್ಟಿದ್ದೆವು. ಸಂಘದ ಕಾರ್ಯದರ್ಶಿಗೆ ಅದರ ಮೇಲೆ ಎಷ್ಟು ನಂಬಿಕೆ ಅಂದರೆ, ಪೆನ್‌ಡ್ರೈವ್‌ಗೆ ಅರಿಶಿನ ಕುಂಕುಮ ಹಚ್ಚಿ ದೇವರ ಫೋಟೋ ಹಿಂದೆ ಇಟ್ಟಿದ್ದರು.

ಬೇರೆ ಕಂಪ್ಯೂಟರ್ ತಂದು ಪೆನ್‌ಡ್ರೈವ್ ಚುಚ್ಚಿ ನೋಡಿದರೆ ಎಲ್ಲ ದಿನದ ಫೈಲೂ ಇದೆ, 7 ಮತ್ತು 8ನೇ ತಾರೀಕಿನದು ಮಾತ್ರ ಇಲ್ಲ. ಹಿಂದಿನ ತಿಂಗಳು ತೆಗೆದೆವು. ಅಲ್ಲೂ 7 ಮತ್ತು 8 ಇಲ್ಲ. ಅದರ ಹಿಂದಿನ ತಿಂಗಳಲ್ಲೂ ಅದೇ ಕತೆ. ತಿಂಗಳು ತಿಂಗಳೂ ಒಂದೇ ಎರಡು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು ಆ ಪಟ್ಟಿ.

ಹಾಲು ಹಾಕುವ ಹೆಂಗಸರು ತಮ್ಮ ಚೀಟಿಗಳನ್ನು ತಂದು ಮೇಜಿನ ಮೇಲೆ ಸುರಿದರು. ಕೆಲವರ ಬಳಿ ಇತ್ತು, ಕೆಲವರದು ಒಲೆ ಸೇರಿತ್ತು, ಒಬ್ಬಜ್ಜಿ ಸೆರಗಿನ ಗಂಟಿನಿಂದ ತೆಗೆದ ಚೀಟಿಯಲ್ಲಿ ಅಕ್ಷರವೇ ಮಾಸಿಹೋಗಿತ್ತು. ಎರಡು ದಿನದ ಹಾಲು, ಅಂದರೆ ನಾಲ್ಕು ಸಲ ಹಾಕಿದ ಹಾಲು. ಪಟ್ಟಣದಲ್ಲಿರುವವರಿಗೆ ಇದು ಸಣ್ಣ ಮೊತ್ತ ಅನ್ನಿಸಬಹುದು. ಒಂದೇ ಹಸು ಕಟ್ಟಿರುವವರ ಮನೆಯಲ್ಲಿ ಅದು ಒಂದು ವಾರದ ಸಂತೆ. ಚೀಟಿ ಇಲ್ಲದವರಿಗೆ ಹಿಂದಿನ ದಿನಗಳ ಸರಾಸರಿ ನೋಡಿ ಕೊಡೋಣ ಎಂದು ಕೊನೆಗೆ ತೀರ್ಮಾನವಾಯಿತು. ಕೆಲವರು ಒಪ್ಪಿದರು, ಕೆಲವರು ಗೊಣಗಿದರು. ಗೊಣಗಿದ್ದು ಸರಿಯೇ.

ತಪ್ಪು ಸಂಘದ್ದಲ್ಲ, ಆಪರೇಟರ್ ಹುಡುಗಿಯದಲ್ಲ. ನಮ್ಮದು. ಆದರೆ ಆ ತಪ್ಪು ಏನು ಅಂತ ಹುಡುಕಲು ನಮಗೆ ಒಂದು ಪೂರ್ತಿ ರಾತ್ರಿ ಬೇಕಾಯಿತು.

ಬ್ಯಾಚ್ ಫೈಲ್ ಏನು ಮಾಡುತ್ತಿತ್ತು ಅಂದರೆ, ಇವತ್ತಿನ ತಾರೀಕು ತೆಗೆದುಕೊಂಡು ಅದರಲ್ಲಿ ಒಂದು ಕಳೆದು ನಿನ್ನೆಯ ಫೈಲಿನ ಹೆಸರು ಕಟ್ಟುತ್ತಿತ್ತು. ಒಂದನೇ ತಾರೀಕು ಮಾತ್ರ ಕೈಯಾರೆ ಕಾಪಿ ಮಾಡಬೇಕು ಎಂದು ಆಪರೇಟರ್‌ಗೆ ಹೇಳಿಟ್ಟಿದ್ದೆವು, ಆಕೆ ತಪ್ಪದೆ ಮಾಡುತ್ತಿದ್ದಳು. ಬ್ಯಾಚ್ ಭಾಷೆಯಲ್ಲಿ ಲೆಕ್ಕ ಮಾಡುವ ಆಜ್ಞೆಗೆ ಒಂದು ವಿಚಿತ್ರ ಗುಣವಿದೆ. ಸಂಖ್ಯೆ ಸೊನ್ನೆಯಿಂದ ಶುರುವಾದರೆ ಅದನ್ನು ಹತ್ತರ ಲೆಕ್ಕ ಅಂದುಕೊಳ್ಳುವುದಿಲ್ಲ, ಎಂಟರ ಲೆಕ್ಕ ಅಂದುಕೊಳ್ಳುತ್ತದೆ. ಎಂಟರ ಲೆಕ್ಕದಲ್ಲಿ ಸೊನ್ನೆಯಿಂದ ಏಳರವರೆಗೆ ಮಾತ್ರ ಅಂಕಿ. 01ರಿಂದ 07ರವರೆಗೆ ಎರಡೂ ಲೆಕ್ಕ ಒಂದೇ ಆದ್ದರಿಂದ ತೊಂದರೆಯಿಲ್ಲ. 08 ಬಂದಾಗ ಇದು ಸಂಖ್ಯೆಯೇ ಅಲ್ಲ ಎಂದು ಕೈಚೆಲ್ಲುತ್ತದೆ. 09ಕ್ಕೂ ಹಾಗೇ. 10 ಬಂದರೆ ಮುಂದೆ ಸೊನ್ನೆ ಇಲ್ಲ, ಮತ್ತೆ ಎಲ್ಲ ಸರಿ. ಎಂಟನೇ ತಾರೀಕು ಏಳರ ಫೈಲು ಹೋಗಲಿಲ್ಲ, ಒಂಬತ್ತನೇ ತಾರೀಕು ಎಂಟರ ಫೈಲು ಹೋಗಲಿಲ್ಲ. ಕಪ್ಪು ಕಿಟಕಿ ತೆರೆದು, ತಪ್ಪಿನ ಸಂದೇಶ ತೋರಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಸರಿಯಾಗಿ ಕೆಲಸ ಮಾಡಿದ ದಿನವೂ ಕಿಟಕಿ ಹಾಗೇ ಮುಚ್ಚಿಕೊಳ್ಳುತ್ತಿತ್ತು. ಎರಡಕ್ಕೂ ವ್ಯತ್ಯಾಸ ಯಾರಿಗೆ ಗೊತ್ತಾಗಬೇಕು?

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇವೆ ಅಂದರೆ, ನಮ್ಮ ಸುತ್ತಮುತ್ತ ಇಂಥ ಬ್ಯಾಚ್ ಫೈಲುಗಳು ಬಹಳ ಇವೆ. ಡಿಟಿಪಿ ಅಂಗಡಿಯಲ್ಲಿ, ಸೈಬರ್ ಸೆಂಟರ್‌ನಲ್ಲಿ, ಸೊಸೈಟಿಯಲ್ಲಿ, ಶಾಲೆಯ ಕಚೇರಿಯಲ್ಲಿ. ಯಾರೋ ಒಬ್ಬ ಹುಡುಗ ಐದಾರು ವರ್ಷದ ಹಿಂದೆ ಬರೆದಿಟ್ಟು ಬೆಂಗಳೂರಿಗೆ ಹೋಗಿರುತ್ತಾನೆ. ಡೆಸ್ಕ್‌ಟಾಪ್ ಮೇಲೆ ಒಂದು ಗೇರ್ ಚಕ್ರದ ಚಿತ್ರ ಉಳಿದಿರುತ್ತದೆ. ದಿನಾ ಬೆಳಿಗ್ಗೆ ಅದರ ಮೇಲೆ ಎರಡು ಸಲ ಒತ್ತುವುದು ಕಸ ಗುಡಿಸಿದಷ್ಟೇ ಅಭ್ಯಾಸವಾಗಿರುತ್ತದೆ. ಇವುಗಳಲ್ಲಿ ದುಡ್ಡು, ದಾಖಲೆ, ಲೆಕ್ಕ ಮುಟ್ಟುವಂಥವನ್ನಾದರೂ ಈಗ ಬೇರೆ ಭಾಷೆಗೆ ಸಾಗಿಸಬೇಕು ಅನ್ನುವುದು ನಮ್ಮ ವಾದ. ಆ ಬೇರೆ ಭಾಷೆ ಪವರ್‌ಶೆಲ್ ಆಗಬಹುದು, ಪೈಥಾನ್ ಆಗಬಹುದು. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಬ್ಯಾಚ್ ಫೈಲನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 1981ರಲ್ಲಿ ಎಂಎಸ್ ಡಾಸ್ ಬಂದ ಕಾಲದಿಂದ ಅದು ಇದೆ. ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟರೆ ಕಂಪ್ಯೂಟರ್ ಅದನ್ನು ಅದೇ ಸಾಲಿನಲ್ಲಿ ನಡೆಸುತ್ತದೆ, ಅಷ್ಟೇ. ಮದುವೆ ಮನೆಯಲ್ಲಿ ಅಡುಗೆಯವರಿಗೆ ಚೀಟಿ ಬರೆದುಕೊಟ್ಟ ಹಾಗೆ. ಹಳಬರಿಗೆ ಆಟೋಎಕ್ಸೆಕ್ ಡಾಟ್ ಬ್ಯಾಟ್ ಎಂಬ ಹೆಸರು ನೆನಪಿರಬಹುದು, ಕಂಪ್ಯೂಟರ್ ಹೊತ್ತಿಸಿದ ಕೂಡಲೇ ತಾನಾಗಿ ನಡೆಯುತ್ತಿದ್ದ ಫೈಲು. ಫ್ಲಾಪಿ ಕಾಲದಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಆಮೇಲೆ ವಿಂಡೋಸ್ ಎನ್‌ಟಿ ಜೊತೆ ಬಂದ ಸಿಎಂಡಿ ಅದಕ್ಕೆ ಒಂದಷ್ಟು ಹೊಸ ಅಂಗ ಜೋಡಿಸಿತು. ಆದರೆ ಹಳೆಯ ಫೈಲು ಮುರಿಯಬಾರದೆಂದು ಹಳೆಯ ವಿಚಿತ್ರಗಳನ್ನೂ ಹಾಗೇ ಉಳಿಸಿಕೊಂಡಿತು. ಮನೆ ಕೆಡವದೆ ಮೇಲೆ ಮೇಲೆ ಶೀಟು ಹೊದಿಸುತ್ತಾ ಹೋದ ಹಾಗೆ. ಆ ಎಂಟರ ಲೆಕ್ಕ ಮಾತ್ರ ಹೊಸ ಅಂಗದ ಜೊತೆಗೇ ಬಂದ ಒಂದು ಸಂದಿ.

ಇನ್ನೊಂದು ಸಂದಿಯಲ್ಲೂ ನಾವು ಬಿದ್ದಿದ್ದೇವೆ. ಇದು ಹಾಲಿನ ವಿಷಯಕ್ಕಿಂತ ಮುಂಚಿನದು, ಅದರಿಂದಲೇ ಬುದ್ಧಿ ಕಲಿಯಬೇಕಿತ್ತು. ಜಿಲ್ಲಾ ವರದಿಗಾರನ ಕೆಲಸದಲ್ಲಿ ಅರ್ಧ ಹೊತ್ತು ಫೋಟೋ ಸಾಗಿಸುವುದರಲ್ಲೇ ಹೋಗುತ್ತದೆ. ಜಾತ್ರೆ, ಅಪಘಾತ, ಮಂತ್ರಿಗಳ ಭೇಟಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ಕ್ಯಾಮೆರಾದ ಕಾರ್ಡಿನಿಂದ ಫೋಟೋಗಳನ್ನು ಕಂಪ್ಯೂಟರಿನ ಡಿ ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ಕಾರ್ಡಿನ ಫೋಲ್ಡರಿಗೆ ಹೋಗಿ, ಅಲ್ಲಿರುವುದನ್ನು ಅಳಿಸು ಎಂದು ಒಂದು ಬ್ಯಾಚ್ ಫೈಲು ಬರೆದೆವು. ಬರೆದ ಮೊದಲ ದಿನವೇ ಅದು ಕಾರ್ಡಿನ ಫೋಲ್ಡರಿಗೆ ಹೋಗಲಿಲ್ಲ. ಸಿಡಿ ಎಂಬ ಆಜ್ಞೆ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಹಾರಬೇಕಾದರೆ ಜೊತೆಗೆ ಸ್ಲ್ಯಾಷ್ ಡಿ ಎಂದು ಬರೆಯಬೇಕು. ನಾವು ಬರೆದಿರಲಿಲ್ಲ. ಅದು ಇದ್ದಲ್ಲೇ ಇತ್ತು, ತಪ್ಪಾಯಿತು ಅಂತಲೂ ಹೇಳಲಿಲ್ಲ. ಮುಂದಿನ ಸಾಲು, ಅಳಿಸು. ಅಳಿಸಿತು. ಆಗಷ್ಟೇ ಕಾಪಿಯಾದ ಫೋಟೋಗಳ ಜೊತೆ ಆ ಫೋಲ್ಡರಿನಲ್ಲಿದ್ದ ಎರಡು ವರ್ಷದ ಚಿತ್ರಗಳೂ ಹೋದವು. ಕಪ್ಪು ಕಿಟಕಿಯಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ನಾವು ಕೆಲಸ ಸಲೀಸಾಯಿತು ಎಂದುಕೊಂಡು, ಕಾರ್ಡು ಹೇಗೂ ಖಾಲಿಯಾಗಿದೆಯಲ್ಲ ಎಂದು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಒತ್ತಿದೆವು. ಹೋದದ್ದು ಹೋಯಿತು. ಅದರಲ್ಲಿ ನಮ್ಮೂರಿನ ಹಳೆಯ ತೇರಿನ ಕೊನೆಯ ಫೋಟೋಗಳಿದ್ದವು. ಆ ತೇರು ಈಗಿಲ್ಲ.

ನಾವು ಪೆದ್ದರು ಎಂದು ನೀವು ಹೇಳಬಹುದು, ಹೇಳಿ. ಆದರೆ ಗಮನಿಸಿ, ಎರಡು ಕತೆಯಲ್ಲೂ ಬೇರು ಒಂದೇ. ಒಂದು ಸಾಲು ಸೋತರೂ ಬ್ಯಾಚ್ ಫೈಲು ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಪ್ರತಿ ಸಾಲಿನ ಕೆಳಗೂ ಸೋತಿತೋ ಗೆದ್ದಿತೋ ಎಂದು ನಾವೇ ಬರೆದು ನೋಡಬೇಕು. ಯಾರು ಬರೆಯುತ್ತಾರೆ? ಬ್ಯಾಚ್ ಫೈಲು ಬರೆಯುವುದೇ ಅವಸರಕ್ಕೆ.

ಪೈಥಾನ್‌ನಲ್ಲಿ ಇದು ತಿರುವುಮುರುವು. ಒಂದು ಸಾಲು ಸೋತರೆ ಅಲ್ಲೇ ನಿಲ್ಲುತ್ತದೆ, ಎಷ್ಟನೇ ಸಾಲಿನಲ್ಲಿ, ಯಾಕೆ ಎಂದು ಹೇಳುತ್ತದೆ. ಮುಂದುವರಿಯಬೇಕಾದರೆ ನಾವು ಅನುಮತಿ ಬರೆದುಕೊಡಬೇಕು. ಪವರ್‌ಶೆಲ್ ಇವೆರಡರ ನಡುವೆ. ಅದರಲ್ಲಿ ಬಹಳಷ್ಟು ತಪ್ಪುಗಳಿಗೆ ಕೆಂಪಕ್ಷರ ತೋರಿಸಿ ಮುಂದೆ ಹೋಗುವ ಗುಣವಿದೆ, ಆದರೆ ಮೇಲೆ ಒಂದೇ ಒಂದು ಸಾಲು ಬರೆದರೆ ತಪ್ಪಾದ ಕೂಡಲೇ ನಿಲ್ಲುತ್ತದೆ. ಆ ಒಂದು ಸಾಲು ಬರೆಯದೆ ಯಾರೂ ಪವರ್‌ಶೆಲ್ ಶುರು ಮಾಡಬೇಡಿ. ಅದಕ್ಕಿಂತ ಒಳ್ಳೆಯ ಒಂದು ಸೌಕರ್ಯ ಪವರ್‌ಶೆಲ್‌ನಲ್ಲಿದೆ: ಅಳಿಸುವ, ಸಾಗಿಸುವ, ಹೆಸರು ಬದಲಿಸುವ ಆಜ್ಞೆಗಳ ಕೊನೆಗೆ ವಾಟ್ ಇಫ್ ಎಂದು ಸೇರಿಸಿದರೆ, ಕೆಲಸ ಮಾಡದೆ, ಮಾಡಿದರೆ ಏನಾಗುತ್ತದೆ ಎಂದು ಮಾತ್ರ ಪಟ್ಟಿ ಕೊಡುತ್ತದೆ. ಮರ ಕಡಿಯುವ ಮುಂಚೆ ಯಾವ ಕಡೆ ಬೀಳುತ್ತದೆ ಎಂದು ನೋಡಿದ ಹಾಗೆ. ನಮ್ಮ ತೇರಿನ ಫೋಟೋಗಳು ಇದೊಂದರಿಂದ ಉಳಿಯುತ್ತಿದ್ದವು. ಹಾಗಂತ ಪವರ್‌ಶೆಲ್‌ನಲ್ಲೂ ಪೈಥಾನ್‌ನಲ್ಲೂ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಅದು ನೆನಪಿರಲಿ.

ಪವರ್‌ಶೆಲ್ ಹುಟ್ಟಿದ ಕತೆ ಸ್ವಲ್ಪ ಹೇಳಲೇಬೇಕು. ಮೈಕ್ರೋಸಾಫ್ಟ್‌ನಲ್ಲಿದ್ದ ಜೆಫ್ರಿ ಸ್ನೋವರ್ ಎಂಬ ಎಂಜಿನಿಯರ್ 2002ರಲ್ಲಿ ಮೊನಾಡ್ ಎಂಬ ಹೆಸರಿನಲ್ಲಿ ಇದರ ಕಲ್ಪನೆ ಬರೆದರು. ಎಲ್ಲರೂ ಕಿಟಕಿ, ಮೌಸ್, ಬಟನ್ ಎನ್ನುತ್ತಿದ್ದ ಕಾಲದಲ್ಲಿ ಮತ್ತೆ ಆಜ್ಞೆ ಬರೆಯುವ ಮಾತಾಡಿದ್ದಕ್ಕೆ ತಮಗೆ ಹಿಂಬಡ್ತಿಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2006ರಲ್ಲಿ ಪವರ್‌ಶೆಲ್ ಹೊರಬಂತು. 2009ರ ವಿಂಡೋಸ್ 7ರಿಂದ ಕಂಪ್ಯೂಟರಿನೊಳಗೇ ಕೂತು ಬರುತ್ತಿದೆ. 2016ರಲ್ಲಿ ಅದರ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಲಿನಕ್ಸ್‌ಗೂ ಕೊಟ್ಟರು. ಅಂದರೆ ನಿಮ್ಮ ಸೊಸೈಟಿಯಲ್ಲೋ ಅಂಗಡಿಯಲ್ಲೋ ವಿಂಡೋಸ್ 10 ಅಥವಾ 11 ಇದ್ದರೆ ಪವರ್‌ಶೆಲ್ ಈಗಾಗಲೇ ಇದೆ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಹಳ್ಳಿಯ ನೆಟ್ಟಿನಲ್ಲಿ ಇದು ಸಣ್ಣ ಮಾತಲ್ಲ.

ಸ್ನೋವರ್ ಹೊಳೆಸಿದ ಮುಖ್ಯ ವಿಷಯ ಹಾಲಿನ ಡೇರಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ಯಾಚ್‌ನಲ್ಲಿ ಒಂದು ಆಜ್ಞೆ ಇನ್ನೊಂದಕ್ಕೆ ಕೊಡುವುದು ಬರೀ ಅಕ್ಷರದ ಸಾಲು. ಆ ಸಾಲಿನಲ್ಲಿ ಹನ್ನೆರಡನೇ ಅಕ್ಷರದಿಂದ ನಾಲ್ಕು ಅಕ್ಷರ ಕತ್ತರಿಸಿಕೋ, ಅದೇ ವರ್ಷ ಎಂದು ನಾವು ಹೇಳಬೇಕು. ಪವರ್‌ಶೆಲ್‌ನಲ್ಲಿ ಕೊಡುವುದು ಖಾನೆ ಖಾನೆಯಾಗಿ ತುಂಬಿದ ಪಾಸ್ ಪುಸ್ತಕ. ತಾರೀಕು ಬೇಕೆ, ತಾರೀಕು ಕೇಳಿ. ಗಾತ್ರ ಬೇಕೆ, ಗಾತ್ರ ಕೇಳಿ. ಅಕ್ಷರ ಎಣಿಸುವ ಕೆಲಸವಿಲ್ಲ.

ಈ ಅಕ್ಷರ ಎಣಿಸುವುದರಿಂದ ಎಷ್ಟು ಬ್ಯಾಚ್ ಫೈಲು ಕೆಟ್ಟಿವೆಯೋ. ಬ್ಯಾಚ್ ಫೈಲಿಗೆ ತಾರೀಕು ಯಾವ ರೂಪದಲ್ಲಿ ಸಿಗುತ್ತದೆ ಎಂಬುದು ಆ ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ ಮೇಲೆ ನಿಂತಿದೆ. ಭಾರತ ಎಂದಿದ್ದರೆ ದಿನ ಮೊದಲು. ರಿಪೇರಿಗೆ ಬಂದವನು ವಿಂಡೋಸ್ ಹೊಸದಾಗಿ ಹಾಕಿ ಸೆಟ್ಟಿಂಗನ್ನು ಅಮೆರಿಕ ಎಂದೇ ಬಿಟ್ಟು ಹೋದರೆ, ವಾರದ ಹೆಸರು ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಅದೇ ಫೈಲು, ಅದೇ ಗುಂಡಿ, ಬೇರೆ ತಾರೀಕು. ಇದರಿಂದ ತಪ್ಪಿಸಿಕೊಳ್ಳಲು ಜಾಣರು ಬ್ಯಾಚ್ ಫೈಲಿನೊಳಗೆ ಡಬ್ಲ್ಯುಎಂಐಸಿ ಎಂಬ ಉಪಕರಣ ಬಳಸುತ್ತಿದ್ದರು. ಅದನ್ನು ಮೈಕ್ರೋಸಾಫ್ಟ್ ಕೈಬಿಡುತ್ತಿದೆ, ಹೊಸ ವಿಂಡೋಸ್ 11ರಲ್ಲಿ ಅದು ಮೊದಲಿನಂತೆ ತಾನಾಗಿ ಬರುವುದಿಲ್ಲ. ನಡುವೆ ಕೆಲವರು ಕಲಿತಿದ್ದ ವಿಬಿಸ್ಕ್ರಿಪ್ಟ್‌ನದೂ ಅದೇ ಗತಿ, 2023ರಲ್ಲಿ ಅದನ್ನೂ ನಿಲ್ಲಿಸುವುದಾಗಿ ಘೋಷಿಸಿದರು. ಪವರ್‌ಶೆಲ್‌ನಲ್ಲಿ ಮತ್ತು ಪೈಥಾನ್‌ನಲ್ಲಿ ಇವತ್ತಿನಿಂದ ಒಂದು ದಿನ ಹಿಂದೆ ಎಂದು ಕೇಳಿದರೆ ಸಾಕು. ಮಾರ್ಚ್ ಒಂದರ ಹಿಂದಿನ ದಿನ 28 ಹೌದೋ 29 ಹೌದೋ ಎಂಬುದು ಅದರ ತಲೆನೋವು.

ಲೆಕ್ಕದ ವಿಷಯಕ್ಕೆ ಬಂದರೆ ಬ್ಯಾಚ್ ಭಾಷೆಗೆ ದಶಾಂಶವೇ ಗೊತ್ತಿಲ್ಲ. ಏಳನ್ನು ಎರಡರಿಂದ ಭಾಗಿಸಿದರೆ ಮೂರು ಎನ್ನುತ್ತದೆ. ಫ್ಯಾಟ್ 4.2, ಎಸ್‌ಎನ್‌ಎಫ್ 8.5 ಎಂದು ಮಾತಾಡುವ ಜಾಗದಲ್ಲಿ ಇದನ್ನು ಇಟ್ಟುಕೊಂಡು ಏನು ಮಾಡುವುದು? ಕೆಲವರು ಹತ್ತರಿಂದ ಗುಣಿಸಿ, ಕೊನೆಗೆ ಚುಕ್ಕಿ ತೂರಿಸುವ ಕಸರತ್ತು ಮಾಡುತ್ತಾರೆ. ನಾವೂ ಮಾಡಿದ್ದೇವೆ. ಬರೆದ ಒಂದು ತಿಂಗಳಿಗೆ ನಮಗೇ ಅರ್ಥವಾಗಲಿಲ್ಲ.

ಆದರೆ ಹೊಸ ಭಾಷೆಗೆ ಹೋದ ಕೂಡಲೇ ಲೆಕ್ಕ ತಾನಾಗಿ ಸರಿಯಾಗುತ್ತದೆ ಎಂದೂ ತಿಳಿಯಬೇಡಿ. ಪೈಥಾನ್‌ಗೆ 0.1 ಮತ್ತು 0.2 ಕೂಡಿಸು ಎಂದರೆ 0.30000000000000004 ಎಂದು ಉತ್ತರ ಕೊಡುತ್ತದೆ. ಕಂಪ್ಯೂಟರು ದಶಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ಇನ್ನೊಂದು, ಪೂರ್ಣಾಂಕಕ್ಕೆ ಸರಿಮಾಡು ಎಂದರೆ ಪೈಥಾನ್ ಮತ್ತು ಪವರ್‌ಶೆಲ್ ಎರಡೂ 112.50ನ್ನು 112 ಮಾಡುತ್ತವೆ, 113.50ನ್ನು 114 ಮಾಡುತ್ತವೆ. ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅವುಗಳ ರೂಢಿ. ನಮ್ಮ ಊರಿನ ರೂಢಿ ಬೇರೆ, ಐವತ್ತು ಪೈಸೆ ಬಂದರೆ ಮೇಲಕ್ಕೆ. ಹಾಲು ಹಾಕುವವರಿಗೆ ನೀವು ಯಾವ ರೂಢಿ ಹೇಳಿದ್ದೀರೋ ಅದನ್ನೇ ಸ್ಕ್ರಿಪ್ಟಿಗೂ ಹೇಳಬೇಕು. ದುಡ್ಡಿನ ಲೆಕ್ಕಕ್ಕೆ ಎರಡರಲ್ಲೂ ಡೆಸಿಮಲ್ ಎಂಬ ಪ್ರತ್ಯೇಕ ಬಗೆ ಇದೆ, ಅದನ್ನು ಬಳಸಿ. ಇಲ್ಲವೇ ಎಲ್ಲವನ್ನೂ ಪೈಸೆಯಲ್ಲಿ ಇಟ್ಟುಕೊಳ್ಳಿ.

ಇನ್ನು ಕನ್ನಡ. ಇದು ನಮ್ಮ ಹೊಟ್ಟೆ ಉರಿಸಿದಷ್ಟು ಬೇರೆ ಯಾವುದೂ ಉರಿಸಿಲ್ಲ. ಬ್ಯಾಚ್ ಫೈಲಿನೊಳಗೆ ಯೂನಿಕೋಡ್ ಕನ್ನಡದಲ್ಲಿ ಫೋಲ್ಡರ್ ಹೆಸರು ಬರೆದರೆ ಅದು ಓದುವುದು ಹಳೆಯ ಇಂಗ್ಲಿಷ್ ಸಂಕೇತಪಟ್ಟಿಯಂತೆ, ಆದ್ದರಿಂದ ಕಸಕಸ. ಮೇಲೆ ಒಂದು ಸಾಲು ಹಾಕಿ ಸಂಕೇತಪಟ್ಟಿ ಬದಲಿಸಬಹುದು, ಆದರೂ ಆ ಕಪ್ಪು ಕಿಟಕಿಯಲ್ಲಿ ಕನ್ನಡ ಬರೀ ಚೌಕ ಚೌಕ. ಅದಕ್ಕೇ ನಮ್ಮ ಕಡೆಯ ಎಲ್ಲ ಫೋಲ್ಡರುಗಳಿಗೂ ಇಂಗ್ಲಿಷ್ ಅಕ್ಷರದ ಹೆಸರು. ಹೊಸ ಭಾಷೆಗಳಲ್ಲಿ ಕನ್ನಡ ನಡೆಯುತ್ತದೆ, ಆದರೆ ಮೂರು ಬಾಗಿಲಲ್ಲಿ ಮೂರು ಬೀಗ.

ಮೊದಲನೇ ಬೀಗ, ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ಕ್ಕೆ ನಿಮ್ಮ ಸ್ಕ್ರಿಪ್ಟಿನೊಳಗಿನ ಕನ್ನಡ ಅರ್ಥವಾಗಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಯುಟಿಎಫ್ 8 ವಿತ್ ಬಾಮ್ ಎಂದು ಆರಿಸಬೇಕು. ಸುಮ್ಮನೆ ಯುಟಿಎಫ್ 8 ಎಂದರೆ ಸಾಲದು. ಬೇರೆಯಾಗಿ ಹಾಕಿಕೊಳ್ಳುವ ಪವರ್‌ಶೆಲ್ 7ಕ್ಕೆ ಈ ತಕರಾರಿಲ್ಲ. ಎರಡನೆಯದು, ವಿಂಡೋಸ್‌ನಲ್ಲಿ ಪೈಥಾನ್ ಬಳಸಿ ಕನ್ನಡ ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್ 8 ಎಂದು ಪ್ರತಿ ಸಲ ಹೇಳಿ, ನೀವೇ ಹೇಳದಿದ್ದರೆ ಅದು ಕಂಪ್ಯೂಟರಿನ ಹಳೆಯ ಪಟ್ಟಿ ಹಿಡಿದು ಓದಲು ಹೋಗಬಹುದು. ಮೂರನೆಯದು, ಸಿಎಸ್‌ವಿ ಫೈಲು ಬರೆದು ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ಯುಟಿಎಫ್ 8 ಸಿಗ್ ಎಂದು ಬರೆಯಿರಿ. ಇಲ್ಲದಿದ್ದರೆ ಸಾವಿತ್ರಮ್ಮ ಇರಬೇಕಾದ ಜಾಗದಲ್ಲಿ ಫ್ರೆಂಚ್ ಅಕ್ಷರಗಳ ಸಂತೆ ಕಾಣುತ್ತದೆ. ಈ ಮೂರು ಸಾಲನ್ನು ಯಾರಾದರೂ ಕನ್ನಡದಲ್ಲಿ ಮೊದಲೇ ಹೇಳಿದ್ದರೆ ನಮ್ಮ ಎಷ್ಟೋ ರಾತ್ರಿ ಉಳಿಯುತ್ತಿತ್ತು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪವರ್‌ಶೆಲ್ಲೋ ಪೈಥಾನೋ ಎಂದು ನಮ್ಮ ಬಳಗದಲ್ಲೇ ಜಗಳವಿದೆ. ನಮ್ಮ ಅಭಿಪ್ರಾಯ ಇಷ್ಟು. ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲು ಸಾಗಿಸುವುದು, ಬ್ಯಾಕಪ್, ಪ್ರಿಂಟರ್ ಇಂಥ ಕೆಲಸಕ್ಕೆ ಪವರ್‌ಶೆಲ್, ಏಕೆಂದರೆ ಅದು ಅಲ್ಲೇ ಇದೆ. ಕಲಿಯಲು ಮೊದಲ ಭಾಷೆ ಎಂದರೆ ಪೈಥಾನ್. 1991ರಲ್ಲಿ ಗೀಡೊ ವಾನ್ ರೋಸಮ್ ಹೊರತಂದ ಈ ಭಾಷೆ ಓದಲು ಸಲೀಸು, ಎನ್‌ಸಿಇಆರ್‌ಟಿಯ 11ನೇ ತರಗತಿ ಕಂಪ್ಯೂಟರ್ ವಿಜ್ಞಾನದ ಪುಸ್ತಕದಲ್ಲೂ ಇದೇ ಇದೆ, ಆ ಪುಸ್ತಕ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರೇ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಅಥವಾ ಟರ್ಮಕ್ಸ್ ಹಾಕಿಕೊಂಡು ಪೈಥಾನ್ ಬರೆಯಬಹುದು. ಇದನ್ನು ಓದುತ್ತಿರುವ ಇದೇ ಫೋನಿನಲ್ಲಿ. ಬೆರಳು ನೋಯುತ್ತದೆ, ಅದೊಂದು ನಿಜ.

ಇದಕ್ಕೆ ನಮಗೆ ಬಂದ ಎದುರುವಾದಗಳಲ್ಲಿ ಒಂದು ಗಟ್ಟಿಯಾದದ್ದು. ಡಿಟಿಪಿ ಅಂಗಡಿಯ ಹಳೆಯ ಗೆಳೆಯರೊಬ್ಬರು ಹೇಳಿದರು: ಬ್ಯಾಚ್ ಫೈಲಾದರೆ ಎರಡು ಸಲ ಒತ್ತಿದರೆ ಓಡುತ್ತದೆ, ನಿಮ್ಮ ಪವರ್‌ಶೆಲ್ ಫೈಲು ಒತ್ತಿದರೆ ನೋಟ್‌ಪ್ಯಾಡ್ ತೆರೆಯುತ್ತದೆ, ಓಡಿಸಲು ಹೋದರೆ ಸ್ಕ್ರಿಪ್ಟಿಗೆ ಅನುಮತಿಯಿಲ್ಲ ಎನ್ನುತ್ತದೆ, ಇದು ಯಾವ ಸುಧಾರಣೆ? ಮಾತು ನಿಜ. ಆದರೆ ಅದು ಬೇಕೆಂದೇ ಹಾಗಿದೆ. 2000ದ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ವೈರಸ್ ಇಮೇಲಿನಲ್ಲಿ ಬಂದು ಜಗತ್ತಿನ ಕಚೇರಿಗಳನ್ನು ಹಾಳುಮಾಡಿತು. ಅದು ವಿಬಿಸ್ಕ್ರಿಪ್ಟ್ ಫೈಲು, ಪ್ರೇಮಪತ್ರ ಅಂದುಕೊಂಡು ಜನ ಎರಡು ಸಲ ಒತ್ತಿದರು, ಅಷ್ಟೇ. ಆ ಪಾಠದ ಮೇಲೆ ಪವರ್‌ಶೆಲ್ಲಿನ ಬಾಗಿಲಿಗೆ ಚಿಲಕ ಹಾಕಿದ್ದಾರೆ. ನೀವೇ ಬರೆದದ್ದು ಓಡಲಿ, ನೆಟ್ಟಿನಿಂದ ಬಂದದ್ದು ಸಹಿಯಿಲ್ಲದೆ ಓಡದಿರಲಿ ಎನ್ನುವ ರಿಮೋಟ್‌ಸೈನ್ಡ್ ಎಂಬ ಮಟ್ಟವಿದೆ, ಅದು ಸಾಕು. ಯೂಟ್ಯೂಬ್ ನೋಡಿ ಎಲ್ಲ ಚಿಲಕ ತೆಗೆದು ಬೈಪಾಸ್ ಎಂದು ಕೂರಿಸಬೇಡಿ. ವಾಟ್ಸಾಪಿನಲ್ಲಿ ಬಂದ ಸ್ಕ್ರಿಪ್ಟು, ಎಐ ಬರೆದುಕೊಟ್ಟ ಸ್ಕ್ರಿಪ್ಟು, ಯಾವುದೇ ಆಗಲಿ, ಅಳಿಸು ಎಂಬ ಪದ ಎಲ್ಲಿದೆ ಎಂದು ಹುಡುಕಿ ನೋಡದೆ ಓಡಿಸಬಾರದು.

ಅದೇ ಗೆಳೆಯರ ಇನ್ನೊಂದು ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ. ಅವರ ಬ್ಯಾಚ್ ಫೈಲು ಬೆಳಿಗ್ಗೆ ಪೇಜ್‌ಮೇಕರ್ ಮತ್ತು ಪ್ರಿಂಟರಿನ ಫೋಲ್ಡರ್ ತೆರೆಯುತ್ತದೆ. ಎರಡೇ ಸಾಲು. ಅದನ್ನು ಮುಟ್ಟಬೇಕಿಲ್ಲ. ಹುಲ್ಲು ಕೊಯ್ಯಲು ಕುಡುಗೋಲೇ ಸರಿ. ಅಳಿಸುವ ಸಾಲಿದ್ದರೆ, ತಾರೀಕಿದ್ದರೆ, ದುಡ್ಡಿದ್ದರೆ, ಕನ್ನಡ ಹೆಸರಿದ್ದರೆ ಬದಲಿಸಿ. ಪಾಸ್‌ವರ್ಡ್ ಬರೆದಿಟ್ಟಿದ್ದರಂತೂ ಇವತ್ತೇ ತೆಗೆಯಿರಿ. ಬ್ಯಾಚ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು, ಒಂದು ಕಚೇರಿಯ ಡೆಸ್ಕ್‌ಟಾಪಿನಲ್ಲಿ ಹಾಗೆ ಪಾಸ್‌ವರ್ಡ್ ಕೂತಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ.

ನಮ್ಮ ನಿಜವಾದ ಸಿಟ್ಟು ಬೇರೆ ಕಡೆಗಿದೆ. ತಾಲ್ಲೂಕು ಕೇಂದ್ರಗಳಲ್ಲಿ ನಾವು ಕಂಡ ಕಂಪ್ಯೂಟರ್ ತರಬೇತಿಯಲ್ಲಿ ಟೈಪಿಂಗ್, ನುಡಿ, ಎಂಎಸ್ ಆಫೀಸ್, ಟ್ಯಾಲಿ ಕಲಿಸುತ್ತಾರೆ. ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಕೆಲಸ ಹೇಳುವುದನ್ನು ಕಲಿಸುವುದಿಲ್ಲ, ಕಂಪ್ಯೂಟರ್ ಹೇಳಿದಲ್ಲಿ ಒತ್ತುವುದನ್ನು ಕಲಿಸುತ್ತಾರೆ. ಸಾಫ್ಟ್‌ವೇರ್ ಕೂರಿಸಲು ಬಂದವರು ಕೂರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ತಪ್ಪಾದರೆ ಬೈಸಿಕೊಳ್ಳುವುದು ತಿಂಗಳಿಗೆ ಸಣ್ಣ ಸಂಬಳಕ್ಕೆ ಕೂತ ಆಪರೇಟರ್ ಹುಡುಗಿ. ಹಾಲಿನ ಲೆಕ್ಕ ಹೋದ ದಿನ ಆಕೆಯನ್ನೇ ಎಲ್ಲರೂ ನೋಡಿದ್ದು. ನಾವು ಎದ್ದು ನಿಂತು ಇದು ನಮ್ಮ ತಪ್ಪು ಎಂದ ಮೇಲೂ ಕೆಲವರು ಆಕೆಯನ್ನೇ ನೋಡುತ್ತಿದ್ದರು.

ಹಾಗಾಗಿ ಹೊಸ ಸ್ಕ್ರಿಪ್ಟನ್ನು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದೆವು. ಪವರ್‌ಶೆಲ್‌ನಲ್ಲಿ, ಮೂವತ್ತು ಚಿಲ್ಲರೆ ಸಾಲು. ನಿನ್ನೆಯ ಫೈಲು ಇದೆಯೇ ನೋಡುತ್ತದೆ. ಇದ್ದರೆ ಕಾಪಿ ಮಾಡಿ, ಎರಡೂ ಕಡೆ ಗಾತ್ರ ಒಂದೇ ಇದೆಯೇ ಎಂದು ತಾಳೆ ಹಾಕುತ್ತದೆ. ಈ ತಿಂಗಳಲ್ಲಿ ಯಾವ ದಿನದ ಫೈಲು ಪೆನ್‌ಡ್ರೈವ್‌ನಲ್ಲಿ ಇಲ್ಲ ಎಂದು ಪಟ್ಟಿ ಮಾಡುತ್ತದೆ. ಆದದ್ದನ್ನೆಲ್ಲ ಒಂದು ಫೈಲಿನಲ್ಲಿ ಕನ್ನಡದಲ್ಲಿ ಬರೆದಿಡುತ್ತದೆ. ಕೊನೆಗೆ ಒಂದು ಸಣ್ಣ ಪೆಟ್ಟಿಗೆ ತೆರೆದು ಕನ್ನಡದಲ್ಲಿ ಹೇಳುತ್ತದೆ, ಓಕೆ ಒತ್ತುವವರೆಗೆ ಹೋಗುವುದಿಲ್ಲ. ಕಪ್ಪು ಕಿಟಕಿಯಲ್ಲಿ ಚೌಕವಾಗುವ ಕನ್ನಡ ಈ ಪೆಟ್ಟಿಗೆಯಲ್ಲಿ ಚೆನ್ನಾಗಿ ಬರುತ್ತದೆ ಎಂದು ಗೊತ್ತಾದ ದಿನ ನಮಗಾದ ಸಂತೋಷ ಹೇಳತೀರದು. ಸಂದೇಶದ ವಾಕ್ಯಗಳನ್ನು ಆಕೆಯೇ ಬರೆದಳು. ನಾವು "ಪ್ರಕ್ರಿಯೆ ವಿಫಲವಾಗಿದೆ" ಎಂದು ಹಾಕಿದ್ದೆವು. ಆಕೆ ಅದನ್ನು ಅಳಿಸಿ "ನಿನ್ನೆ ಹಾಲಿನ ಲೆಕ್ಕ ಹೋಗಿಲ್ಲ, ಮನೆಗೆ ಹೋಗಬೇಡ" ಎಂದು ಬರೆದಳು.

ಮುಂದಿನ ತಿಂಗಳು ಎಂಟನೇ ತಾರೀಕು ನಾವೇ ಬೆಳಿಗ್ಗೆ ಆರಕ್ಕೆ ಹೋಗಿ ಕೂತೆವು. ಏಳರ ಫೈಲು ಹೋಯಿತು. ಒಂಬತ್ತಕ್ಕೆ ಎಂಟರದೂ ಹೋಯಿತು. ಹತ್ತೊಂಬತ್ತನೇ ತಾರೀಕು ಆಕೆಯ ಫೋನ್ ಬಂತು. ಪೆಟ್ಟಿಗೆ ಮನೆಗೆ ಹೋಗಬೇಡ ಎನ್ನುತ್ತಿದೆ ಸರ್ ಎಂದಳು. ನಾವು ಗಾಡಿ ಕೀಲಿ ಹುಡುಕುವಷ್ಟರಲ್ಲಿ ಆಕೆಯೇ ಲಾಗ್ ಓದಿ ಹೇಳಿದಳು, ಪೆನ್‌ಡ್ರೈವ್ ತುಂಬಿಹೋಗಿದೆ, ಪೇಟೆಯಿಂದ ಬರುವಾಗ 32 ಜಿಬಿಯದು ಒಂದು ತನ್ನಿ, ಬಿಲ್ಲು ಸಂಘದ ಹೆಸರಿಗೆ ಮಾಡಿಸಿ.